ಮುಖಕ್ಕಷ್ಟೇ ಬಿಡುವು: ಜೋಶುವಾ ರೆನಾಲ್ಡ್ಸ್‌ನ ಚಿತ್ರಶಾಲೆ ಮತ್ತು ಅವನ ಕುಲೀನ ಗಿರಾಕಿಗಳು

ಸರ್ ಜೋಶುವಾ ರೆನಾಲ್ಡ್ಸ್‌ನನ್ನು (1723–1792) ಕುರಿತ ಚರ್ಚೆ ಸಾಮಾನ್ಯವಾಗಿ ಅವನ ಉಪನ್ಯಾಸಗಳಿಂದ ಶುರುವಾಗುತ್ತದೆ. ಲಂಡನ್ನಿನ ರಾಯಲ್ ಅಕಾಡೆಮಿಯ ಮೊದಲ ಅಧ್ಯಕ್ಷನಾಗಿ 1769ರಿಂದ 1790ರವರೆಗೆ ಅವನು ಕೊಟ್ಟ ಹದಿನೈದು ಉಪನ್ಯಾಸಗಳಲ್ಲಿ ಪುರಾಣ-ಚರಿತ್ರೆಗಳ ಚಿತ್ರಕ್ಕೆ ಅಗ್ರಪೀಠ, ಭಾವಚಿತ್ರಕ್ಕೆ ಅದರ ಕೆಳಗಿನ ಸ್ಥಾನ. ಅವನ ಅನ್ನ ಹುಟ್ಟಿದ್ದು ಮಾತ್ರ ಭಾವಚಿತ್ರದಿಂದಲೇ. ಈ ವೃತ್ತಿಯನ್ನು ಅರಿಯಲು ಉಪನ್ಯಾಸಗಳಿಗಿಂತ ಅವನ ಕಿಸೆಪುಸ್ತಕಗಳು ಹೆಚ್ಚು ನೆಚ್ಚಬಹುದಾದ ಆಕರ ಎಂಬುದು ಈ ಲೇಖನದ ನಿಲುವು. ಯಾರು, ಯಾವ ದಿನ, ಎಷ್ಟು ಗಂಟೆಗೆ ಬಂದು ಕೂರಬೇಕು ಎಂಬುದನ್ನು ಅವುಗಳಲ್ಲಿ ಅವನೇ ಗುರುತು ಹಾಕಿಟ್ಟಿದ್ದಾನೆ. 1758 ಒಂದರಲ್ಲೇ ಸುಮಾರು 150 ಮಂದಿ ಹೀಗೆ ಬಂದು ಕುಳಿತರು.

ಡೆವನ್ ಪ್ರಾಂತದ ಪ್ಲಿಂಪ್ಟನ್ನಿನ ಶಾಲಾಮಾಸ್ತರರ ಮಗ ರೆನಾಲ್ಡ್ಸ್. 1740ರಲ್ಲಿ ಥಾಮಸ್ ಹಡ್ಸನ್ ಬಳಿ ಕೆಲಸ ಕಲಿಯಲು ಸೇರಿದ. 1749ರಲ್ಲಿ ನೌಕಾಧಿಕಾರಿ ಆಗಸ್ಟಸ್ ಕೆಪೆಲ್‌ನ ಹಡಗು ಹತ್ತಿ, ಮುಂದೆ ಇಟಲಿ ಸೇರಿದ. ತಾಯ್ನಾಡಿಗೆ ಮರಳಿ ಬರೆದ ಕೆಪೆಲ್‌ನ ಆಳೆತ್ತರದ ಚಿತ್ರವೇ ಅವನ ಅದೃಷ್ಟವನ್ನು ತೆರೆಯಿತು. ಅರ್ಲ್ ಮನೆತನದ ಆ ತರುಣ ಬಿರುಗಾಳಿಯ ಕಡಲತಡಿಯಲ್ಲಿ ಅಪೊಲೊ ಶಿಲ್ಪದ ಭಂಗಿಯಲ್ಲಿ ನಡೆದು ಬರುತ್ತಾನೆ. ಇಂಗ್ಲೆಂಡಿನ ಕುಲೀನರಿಗೆ ರೋಮಿನ ಗಾಂಭೀರ್ಯವನ್ನು ತೊಡಿಸಬಲ್ಲವನು ಸಿಕ್ಕಿದ್ದಾನೆಂಬ ಸುದ್ದಿ ಹಬ್ಬಲು ಅಷ್ಟು ಸಾಕಾಯಿತು.

ಚಿತ್ರಶಾಲೆ ನಡೆಯುತ್ತಿದ್ದ ಬಗೆಯನ್ನು 1777ರ ಅವನ ಕಾಗದವೊಂದು ಬಿಚ್ಚಿಡುತ್ತದೆ. ತಲೆಯ ಚಿತ್ರಕ್ಕೆ 35 ಗಿನಿ, ಮೊಣಕಾಲವರೆಗಿನದಕ್ಕೆ 70, ಆಳೆತ್ತರಕ್ಕೆ 150. ಸಾಮಾನ್ಯವಾಗಿ ಮೂರು ಸಲ, ಪ್ರತಿ ಸಲ ಒಂದೂವರೆ ಗಂಟೆ ಕೂತರೆ ಸಾಕು. ಮುಖ ಮುಗಿದ ಮೇಲೆ ಉಳಿದದ್ದನ್ನು ಕೂತವರಿಗೆ ತೊಂದರೆ ಕೊಡದೆ ಮುಗಿಸಲಾಗುವುದು. ಈ ಕೊನೆಯ ಮಾತಿನಲ್ಲೇ ಇಡೀ ವ್ಯವಹಾರದ ಕೀಲಿ ಇದೆ. ಡ್ಯೂಕ್ ಆಗಲಿ ಕೌಂಟೆಸ್ ಆಗಲಿ, ಕೊಡಬೇಕಾದದ್ದು ಹಣ ಮತ್ತು ಮುಖ ಮಾತ್ರ. ರೇಷ್ಮೆಯ ನೆರಿಗೆ, ಹಿನ್ನೆಲೆಯ ಮರ, ಕಂಬಗಳಿಗೆ ಪೀಟರ್ ಟಾಮ್ಸ್, ಜೂಸೆಪ್ಪೆ ಮಾರ್ಕಿಯಂಥ ಸಹಾಯಕರ ಕೈಯಿತ್ತು. ಹಾಗಾಗಿ ಚಿತ್ರದಲ್ಲಿ ಕಾಣುವ ಗತ್ತು ಗಿರಾಕಿ ಮನೆಯಿಂದ ತಂದದ್ದಲ್ಲ, ಬಹುಪಾಲು ಲೆಸ್ಟರ್ ಫೀಲ್ಡ್ಸಿನ ಚಿತ್ರಶಾಲೆಯಲ್ಲಿ ತಯಾರಾದದ್ದು.

ಲೇಡಿ ಸಾರಾ ಬನ್‌ಬರಿಯ ಚಿತ್ರ (1763–65) ಇದಕ್ಕೆ ಒಳ್ಳೆಯ ಸಾಕ್ಷಿ. ರಿಚ್‌ಮಂಡ್ ಡ್ಯೂಕನ ಈ ಮಗಳು ಗ್ರೇಸ್ ದೇವತೆಯರಿಗೆ ಹವಿಸ್ಸು ಅರ್ಪಿಸುವ ಪೂಜಾರಿಣಿಯಾಗಿದ್ದಾಳೆ. ಆಕೆಗೆ ಆ ದೇವತೆಯರಿಗಿಂತ ಗೋಮಾಂಸದ ತುಂಡು, ಕ್ರಿಕೆಟ್ ಆಟಗಳೇ ಇಷ್ಟವೆಂದು ಸಮಕಾಲೀನ ಲೇಖಕಿ ಹೆಸ್ಟರ್ ಪಿಯೋಜಿ ಚುಚ್ಚಿದ್ದುಂಟು. ಚುಚ್ಚುಮಾತು ನಿಜವಿರಬಹುದು, ಆದರೆ ಗಿರಾಕಿ ಬಯಸಿದ್ದು ದಿನನಿತ್ಯದ ತನ್ನನ್ನಲ್ಲ. ಅತ್ತ ವಾಲ್ಡ್‌ಗ್ರೇವ್ ಸೋದರಿಯರ ಚಿತ್ರದಲ್ಲಿ (1780) ಲೆಕ್ಕ ತಿರುಗುಮುರುಗು. ಅವರನ್ನು ಗ್ರೇಸ್ ದೇವತೆಯರನ್ನಾಗಿ ಬರೆಯುವ ಸಲಹೆ ಲೇಖಕ ಹೊರೇಸ್ ವಾಲ್ಪೋಲ್‌ನದಾಗಿತ್ತು. ರೆನಾಲ್ಡ್ಸ್ ಅವರನ್ನು ಬಿಳಿ ಉಡುಪಿನಲ್ಲಿ, ಕಸೂತಿ ಹಾಕುವ, ರೇಷ್ಮೆ ನೂಲು ಸುತ್ತುವ ಕೆಲಸದಲ್ಲಿ ಕೂರಿಸಿದ. ನನ್ನ ಮಟ್ಟಿಗೆ ಅವನ ಗುಂಪುಚಿತ್ರಗಳಲ್ಲಿ ಇದೇ ಮೇಲು. ಮೂವರೂ ಆಗಿನ್ನೂ ಮದುವೆಯಾಗದ ಹೆಣ್ಣುಮಕ್ಕಳು. ಅವರ ಗೃಹಕೃತ್ಯದ ಚಾತುರ್ಯ ಕಣ್ಣಿಗೆ ಬೀಳುವಂತೆ ಚಿತ್ರ ರಚನೆಯಾಗಿರುವುದನ್ನು ಮರೆಯುವಂತಿಲ್ಲ.

ವಿಪರ್ಯಾಸವೆಂದರೆ, ಅವನು ತನ್ನ ಕೈಯಿಂದಲೇ ಬರೆದ ಮುಖಗಳೇ ಮೊದಲು ಕೆಟ್ಟವು. ಮೈಬಣ್ಣಕ್ಕೆ ಬಳಸಿದ ಕೆಂಪು ಬಣ್ಣಗಳು ಬೆಳಕಿಗೆ ಮಾಸಿದವು. ಮೇಣ, ಡಾಂಬರುಗಳನ್ನು ಬೆರೆಸಿ ಮಾಡಿದ ಪ್ರಯೋಗಗಳು ಬಿರುಕುಬಿಟ್ಟವು. ಅವನಿಗೆ ಒಮ್ಮೆಗೇ ಹಣ ಕೊಡದೆ, ಚಿತ್ರ ಬಾಳುವಷ್ಟು ಕಾಲ ವರ್ಷಾಶನ ಕೊಡಬೇಕೆಂದು ವಾಲ್ಪೋಲ್ ಹಾಸ್ಯ ಮಾಡಿದ್ದ. ಆದರೆ ಜೇಮ್ಸ್ ಮ್ಯಾಕಾರ್ಡೆಲ್, ವ್ಯಾಲೆಂಟೈನ್ ಗ್ರೀನ್ ಮೊದಲಾದವರು ಕೆತ್ತಿದ ಮೆಜೊಟಿಂಟ್ ಅಚ್ಚುಗಳು ಚಿತ್ರಗಳ ಛಾಯೆಯನ್ನು ಉಳಿಸಿವೆ. ಕುಲೀನರ ಮುಖಗಳನ್ನು ಅರಮನೆಯ ಗೋಡೆಯಿಂದ ಅಂಗಡಿಯ ಕಿಟಕಿಗೆ ತಂದವೂ ಇವೇ ಅಚ್ಚುಗಳು. ಇಂದು ಮಾಸಿ ನಿಂತ ಕ್ಯಾನ್ವಾಸನ್ನಷ್ಟೇ ನೋಡಿ ರೆನಾಲ್ಡ್ಸ್‌ನ ವರ್ಣಪ್ರಜ್ಞೆಯ ಬಗ್ಗೆ ತೀರ್ಪು ಕೊಡುವ ಸಂಶೋಧಕರು, ಮೊದಲು ಅದರ ಪಕ್ಕದಲ್ಲಿ ಆ ಕಾಲದ ಅಚ್ಚನ್ನೂ ಕಿಸೆಪುಸ್ತಕದ ಪುಟವನ್ನೂ ಇಟ್ಟು ನೋಡಬೇಕು.