ಬಸ್ಸಿನ ಕಿಟಕಿಯ ಕಥೆ



ಇತಿಹಾಸ ಅಂದ ಕೂಡಲೇ ನಮ್ಮ ಮಕ್ಕಳು ನಳದುರ್ಗದ ಕೋಟೆ, ಬಸವಕಲ್ಯಾಣ, ನಿಜಾಮ, ರಜಾಕಾರರು ಎಂದು ಹೇಳಿ ಮುಗಿಸುತ್ತಾರೆ. ದಿನಾಲೂ ಕೂತು ಬರುವ ಬಸ್ಸಿಗೂ ಒಂದು ಇತಿಹಾಸ ಇದೆ ಅಂದರೆ ನಗುತ್ತಾರೆ. ಯೆಣೆಗೂರ ಸೊಲ್ಲಾಪುರ-ಹೈದರಾಬಾದ್ ಹೆದ್ದಾರಿಯ ಮೇಲಿನ ಊರು. ಒಂದು ಕಡೆ ನಳದುರ್ಗ, ಇನ್ನೊಂದು ಕಡೆ ಉಮರ್ಗಾ. ಮಹಾರಾಷ್ಟ್ರದ ಕೆಂಪು ಎಸ್.ಟಿ., ಕರ್ನಾಟಕದ ಬಸ್ಸು, ತೆಲಂಗಾಣದ ಬಸ್ಸು ಎಲ್ಲವೂ ಈ ರಸ್ತೆಯಲ್ಲಿ ಓಡುತ್ತವೆ. ಮಳೆಗಾಲ ಬಂತೆಂದರೆ ಹಳೆಯ ಗಾಡಿಗಳದ್ದು ಒಂದೇ ಗೋಳು, ಕಿಟಕಿ ಸೋರುವುದು. ಬೇಸಿಗೆಯಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳಾಡುವ ಮಕ್ಕಳೇ ಮಿರಗದ ಮಳೆ ಶುರುವಾದ ಮೇಲೆ ‘ನೀ ಕೂಡು, ನೀ ಕೂಡು’ ಅಂತ ಒಬ್ಬರನ್ನೊಬ್ಬರು ದೂಡುತ್ತಾರೆ. ಪಾಟಿಚೀಲದೊಳಗಿನ ಪುಸ್ತಕ ತೊಯ್ದರೆ ಆ ವರ್ಷ ಇನ್ನೊಂದು ಕನ್ನಡ ಪುಸ್ತಕ ಸಿಗುವುದು ಇಲ್ಲಿ ಸುಲಭವಲ್ಲ, ಅದು ನಿಮಗೂ ಗೊತ್ತು.

ಮೊದಲು ಬಸ್ಸಿನ ವಿಷಯ. ನಮ್ಮ ಭಾಗ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1932ರ ಜೂನ್‌ನಲ್ಲಿ ನಿಜಾಮರ ರೈಲ್ವೆಯೇ ಒಂದು ರಸ್ತೆ ಸಾರಿಗೆ ವಿಭಾಗ ತೆರೆಯಿತು. 27 ಬಸ್ಸು, 166 ನೌಕರರು, ಅಷ್ಟೇ. ಆ ಕಾಲದ ‘ಡೆಕ್ಕನ್ ಕ್ವೀನ್’ ಎಂಬ ಆಲ್ಬಿಯನ್ ಬಸ್ಸೊಂದನ್ನು ಹೈದರಾಬಾದಿನಲ್ಲಿ ಜೋಪಾನ ಮಾಡಿದ್ದಾರೆ. ಮುಂದೆ 1956ರ ನವೆಂಬರ್ 1ಕ್ಕೆ ಸಂಸ್ಥಾನ ಮೂರು ಪಾಲಾದಾಗ ಬಸ್ಸುಗಳೂ ಅಣ್ಣತಮ್ಮಂದಿರ ಹಾಗೆ ಪಾಲಾದವು. ತೆಲಂಗಾಣದವು ಆಂಧ್ರಕ್ಕೆ, ಕಲಬುರಗಿ-ಬೀದರದವು ಮೈಸೂರಿಗೆ, ಮರಾಠವಾಡದವು ಮುಂಬಯಿ ಕಡೆಗೆ. 1961ರಲ್ಲಿ ಈ ಕಡೆಯ ಸಾರಿಗೆ ಮಹಾರಾಷ್ಟ್ರ ನಿಗಮದಲ್ಲಿ ಸೇರಿತು. ಕಲಬುರಗಿಯ ನಿಗಮ ಬೇರೆಯಾದದ್ದು 2000ದಲ್ಲಿ, ಅದಕ್ಕೆ ‘ಕಲ್ಯಾಣ ಕರ್ನಾಟಕ’ ಎಂಬ ಹೆಸರು ಬಂದದ್ದು 2021ರಲ್ಲಿ.

ಮಹಾರಾಷ್ಟ್ರದ ಎಸ್.ಟಿ.ಯ ಮೊದಲ ಬಸ್ಸು ಓಡಿದ್ದು 1948ರ ಜೂನ್ 1ರಂದು, ಪುಣೆಯಿಂದ ಅಹಮದನಗರಕ್ಕೆ. ಬೆಡ್‌ಫರ್ಡ್ ಗಾಡಿ, ಕಟ್ಟಿಗೆಯ ಮೈ, ತೆಂಗಿನ ನಾರು ತುಂಬಿದ ಸೀಟು. ಕಟ್ಟಿಗೆಯ ಬಸ್ಸು ಅಂದರೆ ಅದನ್ನು ರಿಪೇರಿ ಮಾಡುವವನು ಬಡಿಗ! ಹಳೆಯ ಮೋಟಾರುಗಳಲ್ಲಿ ಎಷ್ಟೋ ಸಲ ಕಿಟಕಿಗೆ ಗಾಜೇ ಇರುತ್ತಿರಲಿಲ್ಲ, ಮಳೆ ಬಂದರೆ ಸುತ್ತಿಟ್ಟ ಕ್ಯಾನ್ವಾಸ್ ಪರದೆಯನ್ನು ಕೆಳಗೆ ಇಳಿಬಿಟ್ಟು ಕಟ್ಟುವುದು. ಗಾಜು ಇದ್ದರೂ ಕಟ್ಟಿಗೆಯ ಚೌಕಟ್ಟು ಮಳೆಗಾಲದಲ್ಲಿ ಉಬ್ಬಿ ಬಿಗಿಯುತ್ತಿತ್ತು, ಬೇಸಿಗೆಯಲ್ಲಿ ಒಣಗಿ ಗಡಗಡ ಅನ್ನುತ್ತಿತ್ತು. ನಮ್ಮ ಮನೆಯ ಬಾಗಿಲದ್ದೂ ಅದೇ ಗುಣ ಅಲ್ಲವೇ?

ಆಮೇಲೆ ಅಲ್ಯೂಮಿನಿಯಂ ತಗಡಿನ ಮೈ, ರಿವೆಟ್ಟು, ಗಾಜಿನ ಸುತ್ತ ರಬ್ಬರ್ ಬೀಡಿಂಗ್ ಬಂದವು. ಈ ರಬ್ಬರಿನದ್ದೇ ಒಂದು ಕಥೆ. ಬರೀ ರಬ್ಬರು ಬಿಸಿಲಿಗೆ ಅಂಟಂಟಾಗುತ್ತದೆ, ಚಳಿಗೆ ಬಿರುಸಾಗಿ ಮುರಿಯುತ್ತದೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಅದಕ್ಕೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡುವುದನ್ನು ಕಂಡುಕೊಂಡ. ಗಾಲಿಯ ಟೈರಿನಿಂದ ಹಿಡಿದು ಕಿಟಕಿಯ ಬೀಡಿಂಗ್‌ವರೆಗೆ ಎಲ್ಲವೂ ಅಲ್ಲಿಂದ ಬಂದದ್ದೇ. ಆದರೂ ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ವರ್ಷಗಟ್ಟಲೆ ನಿಂತರೆ ಯಾವ ರಬ್ಬರಾದರೂ ಸೀಳು ಬಿಡುತ್ತದೆ, ಮೂಲೆಯಲ್ಲಿ ಕುಗ್ಗಿ ಸಂದು ಬಿಡುತ್ತದೆ. ಮಳೆ ಆ ಸಂದನ್ನು ಹುಡುಕಿಕೊಂಡೇ ಬರುತ್ತದೆ. ವಿದೇಶದಲ್ಲಿ ಅಡುಗೆಮನೆ, ಹಾಸಿಗೆ ಎಲ್ಲ ಒಳಗೇ ಇರುವ ಮನೆ-ಗಾಡಿಗಳಿವೆ. ಮಹಾರಾಷ್ಟ್ರ ಸರ್ಕಾರವೂ 2021ರಲ್ಲಿ ಅಂಥ ಕ್ಯಾರವಾನ್ ಪ್ರವಾಸಕ್ಕೆ ನೀತಿ ತಂದಿತು. ಹಳತಾದರೆ ಅವಕ್ಕೂ ಇದೇ ರೋಗ.

ಇನ್ನು ಸರಿಯುವ ಗಾಜಿನ ಕಿಟಕಿ. (ನಮ್ಮ ಮಕ್ಕಳ ಬಾಯಲ್ಲಿ ಅದು ‘ಖಿಡಕಿ’, ಗಾಜು ‘ಕಾಚ’. ಕಿಟಕಿ, ಖಿಡಕಿ ಎರಡೂ ಒಂದೇ ಮೂಲದ ಮಾತು, ಹಾಗಾಗಿ ಬೈಯುವಂತಿಲ್ಲ.) ಇದರಲ್ಲಿ ಗಾಜು ಒಂದು ಚಾನೆಲ್‌ನಲ್ಲಿ ಓಡಾಡುತ್ತದೆ. ಗಾಜು ಸರಿಯಬೇಕಾದರೆ ಚೂರು ಸಡಿಲು ಇರಲೇಬೇಕು, ಸಡಿಲು ಇದ್ದಲ್ಲಿ ನೀರು ಬಂದೇ ಬರುತ್ತದೆ. ಇದನ್ನು ಕಟ್ಟುವವರು ಮೊದಲೇ ತಿಳಿದು, ಕೆಳಗಿನ ಚಾನೆಲ್‌ಗೆ ಹೊರಮುಖವಾಗಿ ಸಣ್ಣ ತೂತು ಇಟ್ಟಿರುತ್ತಾರೆ. ಬಂದ ನೀರು ಅಲ್ಲಿಂದ ಹೊರಗೆ ಇಳಿದು ಹೋಗಬೇಕು. ಈಗ ಏನಾಗುತ್ತದೆ ನೋಡಿ. ಹೆದ್ದಾರಿಯ ಧೂಳು, ಶೇಂಗಾ ಸಿಪ್ಪೆ, ಗುಟ್ಕಾ ಚೀಟಿ ಎಲ್ಲ ಸೇರಿ ಆ ತೂತು ಮುಚ್ಚುತ್ತದೆ. ಚಾನೆಲ್ ತುಂಬಿ ನೀರು ಒಳಗೆ ಉಕ್ಕುತ್ತದೆ. ಆಗ ಯಾರೋ ಜಾಣರು ಎಂ-ಸೀಲ್ ತಂದು ಹೊರಗಿನಿಂದ ಮೆತ್ತುತ್ತಾರೆ, ಅದರ ಜೊತೆ ತೂತೂ ಮುಚ್ಚಿಹೋಗುತ್ತದೆ! ಸೋರುವುದು ಇಮ್ಮಡಿ. ಮೇಲಾಗಿ ಎಂ-ಸೀಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಗಾಡಿ ನಡುಗಿದರೆ ಬಿರಿಯುತ್ತದೆ. ಕಿಟಕಿಗೆ ಬೇಕಾದದ್ದು ಬಾಗುವ ವಸ್ತು, ಅಂದರೆ ರಬ್ಬರು ಅಥವಾ ಸಿಲಿಕಾನ್. ಸಿಲಿಕಾನಿನಲ್ಲೂ ಸಿರ್ಕಾದ ವಾಸನೆ ಬರುವ ಜಾತಿ ತಗಡನ್ನು ತಿನ್ನುತ್ತದೆ. ಹಳೆಯ ಗಾಡಿಗೆ ವಾಸನೆಯಿಲ್ಲದ್ದು ಒಳ್ಳೆಯದು. ಅದೂ ಹಳೆಯ ಅಂಟನ್ನು ಪೂರ್ತಿ ಕೆರೆದು ಒಣಗಿಸಿದ ಮೇಲೆ ಮಾತ್ರ ಹಿಡಿಯುತ್ತದೆ.

ಗಟ್ಟಿಯಾಗಿ ಕೂರಿಸುವ ಗಾಜಿಗೆ ಬೀಡಿಂಗ್ ಹಾಕುವುದನ್ನು ಒಮ್ಮೆ ನಿಂತು ನೋಡಬೇಕು. ಮೊದಲು ಗಾಜಿನ ಸುತ್ತ ರಬ್ಬರ್ ತೊಡಿಸುತ್ತಾರೆ. ರಬ್ಬರಿನ ಹೊರ ಗಾಡಿಯಲ್ಲಿ ಒಂದು ಹಗ್ಗ ಸುತ್ತಿ ಎರಡು ತುದಿ ಬಸ್ಸಿನ ಒಳಗೆ ಬಿಡುತ್ತಾರೆ. ಸಾಬೂನಿನ ನೀರು ಸವರಿ ಹೊರಗೆ ಒಬ್ಬ ಗಾಜನ್ನು ಒತ್ತಿ ಹಿಡಿಯುತ್ತಾನೆ, ಒಳಗಿನವನು ಹಗ್ಗ ಎಳೆಯುತ್ತ ಹೋದಂತೆ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಟಪ್ಪನೆ ಕೂರುತ್ತದೆ. ಯಾವ ಪುಸ್ತಕದಿಂದ ಕಲಿತ ವಿದ್ಯೆಯೂ ಅಲ್ಲ. ಅವನ ಉಸ್ತಾದ್ ಕಲಿಸಿದ್ದು, ಉಸ್ತಾದನಿಗೆ ಅವನ ಉಸ್ತಾದ್.

ಗಾಜಿನಲ್ಲಿ ಮಾತ್ರ ಹುಷಾರಾಗಿರಬೇಕು. ಬಸ್ಸಿನ ಪಕ್ಕದ ಗಾಜನ್ನು ಸುಮಾರು 600 ಡಿಗ್ರಿಗೂ ಮೇಲೆ ಕಾಯಿಸಿ ಒಮ್ಮೆಲೇ ಗಾಳಿಯಿಂದ ತಣಿಸಿ ಮಾಡಿರುತ್ತಾರೆ. ಒಡೆದರೆ ಅದು ಹರಳಿನಂತೆ ಪುಡಿಯಾಗುತ್ತದೆ, ಚೂರಿಯಂತೆ ಸೀಳುವುದಿಲ್ಲ. ಆದರೆ ಅದನ್ನು ಆಮೇಲೆ ಕತ್ತರಿಸಲು ಬರುವುದಿಲ್ಲ, ಕತ್ತರಿಸಿದರೆ ಇಡೀ ಗಾಜೇ ಪುಡಿ. ಹಾಗಾಗಿ ಅಳತೆಯದು ಸಿಗದಿದ್ದಾಗ ಖಾಸಗಿ ಜೀಪು, ಟೆಂಪೊಗಳವರು ಮನೆ ಕಿಟಕಿಯ ಸಾದಾ ಗಾಜು ಕತ್ತರಿಸಿ ಕೂರಿಸುತ್ತಾರೆ. ಮಳೆ ನಿಲ್ಲುತ್ತದೆ, ಖರೆ. ಅಪಘಾತವಾದರೆ ಆ ಗಾಜು ಮಕ್ಕಳ ಮುಖಕ್ಕೆ ಬರುತ್ತದೆ. ಅಸಲಿ ಗಾಜಿನ ಮೂಲೆಯಲ್ಲಿ ಸಣ್ಣ ಗುರುತು ಅಚ್ಚಾಗಿರುತ್ತದೆ, ನೋಡಿದರೆ ತಿಳಿಯುತ್ತದೆ.

ಎಸ್.ಟಿ. ನಿಗಮ ದಾಪೋಡಿ, ಚಿಕಲಠಾಣಾ, ಹಿಂಗಣಾ ಕಾರ್ಖಾನೆಗಳಲ್ಲಿ ತಾನೇ ಬಸ್ಸಿನ ಮೈ ಕಟ್ಟುತ್ತ ಬಂದಿದೆ. 2018ರ ಆಸುಪಾಸಿನಿಂದ ಹಳೆಯ ಅಲ್ಯೂಮಿನಿಯಂ ಬಸ್ಸುಗಳ ಮೈ ಬಿಚ್ಚಿ, ಅದೇ ಚಾಸಿಸ್ ಮೇಲೆ ಉಕ್ಕಿನ ಮೈ ಕೂರಿಸಿದರು. 2017ರಲ್ಲಿ ‘ಶಿವಶಾಹಿ’ ಎ.ಸಿ. ಬಸ್ಸು ಬಂತು. 2022ರ ಜೂನ್ 1ರಂದು ಅದೇ ಪುಣೆ-ಅಹಮದನಗರ ದಾರಿಯಲ್ಲಿ ‘ಶಿವಾಯಿ’ ವಿದ್ಯುತ್ ಬಸ್ಸು ಓಡಿತು. ಇಂಥ ಎ.ಸಿ. ಬಸ್ಸುಗಳಲ್ಲಿ ದೊಡ್ಡ ಗಾಜನ್ನು ಅಂಟಿಸಿಯೇ ಬಿಡುತ್ತಾರೆ, ತೆರೆಯುವ ಪ್ರಶ್ನೆಯೇ ಇಲ್ಲ. ಸೋರುವುದು ಕಡಿಮೆ.

ಆದರೆ 2013ರ ಅಕ್ಟೋಬರ್ 30ರ ನಸುಕಿನಲ್ಲಿ ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟಿದ್ದ ಎ.ಸಿ. ಬಸ್ಸು ಮಹಬೂಬನಗರ ಜಿಲ್ಲೆಯ ಪಾಲೆಂ ಬಳಿ ಸೇತುವೆಗೆ ಬಡಿದು ಹೊತ್ತಿಕೊಂಡಾಗ 45 ಮಂದಿ ಒಳಗೇ ಸುಟ್ಟುಹೋದರು. 2023ರ ಜುಲೈ 1ರಂದು ನಮ್ಮದೇ ಮಹಾರಾಷ್ಟ್ರದ ಬುಲಡಾಣಾದಲ್ಲಿ ಸಮೃದ್ಧಿ ಹೆದ್ದಾರಿಯ ಮೇಲೆ 25 ಮಂದಿ. ಬದುಕಿದ ಕೆಲವರು ಕಿಟಕಿಯ ಗಾಜು ಒಡೆದು ಹೊರಬಂದವರು. ನಾವು ಮಾಸ್ತರರು ಪಾಲಕರಿಗೆ ಈ ಎರಡು ಲೆಕ್ಕ ಹೇಳಿ ಕೇಳುವುದು ಒಂದೇ: ಗಾಜು ಒಡೆಯುವ ಸುತ್ತಿಗೆ ಬಸ್ಸಿನಲ್ಲಿ ಇದೆಯೋ, ಕೊಕ್ಕೆ ಮಾತ್ರ ಉಳಿದಿದೆಯೋ?

ಶಾಲಾ ಬಸ್ಸಿನ ಕಿಟಕಿಗೆ ಅಡ್ಡ ಸರಳು ಇರಬೇಕೆಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿತು, ಮಹಾರಾಷ್ಟ್ರ 2011ರಲ್ಲಿ ಶಾಲಾ ಬಸ್ಸಿಗೆ ಪ್ರತ್ಯೇಕ ನಿಯಮ ಮಾಡಿತು. ಸರಳು ಮಕ್ಕಳ ಕೈ, ತಲೆ ಹೊರಹೋಗದಂತೆ ಕಾಯುತ್ತದೆ. ಅದೇ ಸರಳಿನಿಂದಾಗಿ ಕಿಟಕಿಯಿಂದ ಇಳಿಯಲು ಆಗುವುದಿಲ್ಲ, ಹಾಗಾಗಿ ತುರ್ತು ಬಾಗಿಲಿನ ಮುಂದೆ ಸೀಟು ಹಾಕಿ ಅದನ್ನು ಮುಚ್ಚಿದ ಗಾಡಿಗೆ ಮಕ್ಕಳನ್ನು ಹತ್ತಿಸಬಾರದು ಎಂದು ನಾವು ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿ ಹೇಳುತ್ತ ಬಂದಿದ್ದೇವೆ. ಜೂನ್‌ನಲ್ಲಿ ಶಾಲೆ ತೆರೆಯುವ ಮುಂಚೆ ಬಾಡಿಗೆ ಗಾಡಿಯವರಿಗೆ ಇನ್ನೂ ಒಂದು ಕೆಲಸ ಹೇಳಬಹುದು. ಮುರಿದ ಛತ್ರಿಯ ಕಡ್ಡಿಯಿಂದ ಚಾನೆಲ್‌ನ ತೂತುಗಳನ್ನು ಚುಚ್ಚಿ, ಒಂದು ಬಕೀಟು ನೀರು ಹೊರಗಿನಿಂದ ಎರಚಿ, ಒಳಗೆ ಕೂತು ನೋಡಲಿ.