ಚುಕ್ಕೆ ಮಾಸಿದ ಮೇಲೆ

ಮಗುವಿನ ಕಾಲು, ಪೃಷ್ಠಗಳ ಮೇಲೆ ಕೆಂಪು-ನೇರಳೆ ಚುಕ್ಕೆಗಳು ಎದ್ದರೆ ಮನೆಯವರೆಲ್ಲ ಗಾಬರಿಯಾಗುತ್ತೇವೆ. ಅವು ಮಾಸಿದರೆ ‘ಅಲ್‌ಹಮ್ದುಲಿಲ್ಲಾಹ್’ ಎಂದು ಆಸ್ಪತ್ರೆಯ ಚೀಟಿಯನ್ನು ಮಡಚಿಡುತ್ತೇವೆ. ಐಜಿಎ ವ್ಯಾಸ್ಕುಲೈಟಿಸ್ ಎಂಬ ಕಾಯಿಲೆಯಲ್ಲಿ ನಾವು ಎಡವುವುದು ಇಲ್ಲಿಯೇ. ವೈದ್ಯಲೋಕವೂ ಒಂದು ಕಾಲದಲ್ಲಿ ಹೀಗೆಯೇ ಎಡವಿತ್ತು.

ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1801ರಲ್ಲಿ ತೀರಿಕೊಂಡರು. ಮರುವರ್ಷ ಪ್ರಕಟವಾದ ಅವರ ಗ್ರಂಥದಲ್ಲಿ ಐದು ವರ್ಷದ ಹುಡುಗನೊಬ್ಬ ಬರುತ್ತಾನೆ. ಅವನಿಗೆ ಮೈಕೈ ನೋವು, ಹೊಟ್ಟೆನೋವು, ವಾಂತಿ, ಚರ್ಮದ ಮೇಲೆ ರಕ್ತದ ಚುಕ್ಕೆಗಳು, ಮೂತ್ರದಲ್ಲೂ ರಕ್ತ. ಕಾಯಿಲೆಯ ಪೂರ್ಣ ಚಿತ್ರ ಅಲ್ಲೇ ಇತ್ತು. ಆದರೆ ಅದನ್ನು ಒಂದೇ ಕಾಯಿಲೆಯೆಂದು ಗುರುತಿಸಲು ಬಹಳ ಕಾಲ ಹಿಡಿಯಿತು. 1837ರಲ್ಲಿ ಜರ್ಮನಿಯ ಶೋನ್‌ಲೈನ್ ಚುಕ್ಕೆಗೂ ಕೀಲುನೋವಿಗೂ ನಂಟು ಕಂಡರು. ಅವರ ಶಿಷ್ಯ, ಬರ್ಲಿನ್ನಿನ ಮಕ್ಕಳ ವೈದ್ಯ ಹೆನೋಖ್ 1874ರಲ್ಲಿ ಹೊಟ್ಟೆನೋವನ್ನು ಸೇರಿಸಿದರು. ಮೂತ್ರಪಿಂಡದ ಮಾತು ಬಂದದ್ದು ಎಲ್ಲಕ್ಕಿಂತ ಕೊನೆಗೆ. ಕಾಯಿಲೆಗೆ ಗುರುಶಿಷ್ಯರ ಹೆಸರೇ ನಿಂತಿತು.

ಐಜಿಎ ಎಂಬುದು ಮೂಗು, ಗಂಟಲು, ಕರುಳಿನ ಒಳಪದರವನ್ನು ಕಾಯುವ ಪ್ರೋಟೀನು. ನೆಗಡಿ, ಗಂಟಲುನೋವು ಬಂದುಹೋದ ಮೇಲೆ ಕೆಲವು ಮಕ್ಕಳಲ್ಲಿ ಈ ಕಾವಲುಗಾರನೇ ಸಣ್ಣ ರಕ್ತನಾಳಗಳಲ್ಲಿ ಕೂತು ಉರಿಯೂತ ಎಬ್ಬಿಸುತ್ತಾನೆ. 1968ರಲ್ಲಿ ಪ್ಯಾರಿಸ್ಸಿನ ಜ್ಯಾಂ ಬರ್ಜೆ ಮೂತ್ರಪಿಂಡದಲ್ಲಿ ಐಜಿಎ ತಂಗಿರುವುದನ್ನು ತೋರಿಸಿದರು. ಈ ಕಾಯಿಲೆಯ ಮಕ್ಕಳಲ್ಲೂ ಅದೇ ಕಂಡಿತು. 2012ರಲ್ಲಿ ಕಾಯಿಲೆಯ ಹೆಸರೂ ಬದಲಾಯಿತು.

ಮುಂದೇನು ಎಂಬುದೇ ತಾಯಿಯ ಪ್ರಶ್ನೆ. 2005ರಲ್ಲಿ 1,133 ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಮೂತ್ರಪಿಂಡ ಬಾಧಿತವಾಗಿತ್ತು. ಆದರೆ ಶಾಶ್ವತ ಹಾನಿಯಾದದ್ದು ನೂರಕ್ಕೆ ಇಬ್ಬರಿಗೂ ಕಡಿಮೆ. ಮೂತ್ರದಲ್ಲಿ ಪ್ರೋಟೀನು ವಿಪರೀತ ಹೋಗಿ ಮೈ ಊದಿಕೊಂಡವರಲ್ಲಿ, ರಕ್ತದೊತ್ತಡ ಏರಿದವರಲ್ಲಿ ಅಪಾಯ ಹೆಚ್ಚು. ಮೂತ್ರದ ದೋಷ ಬಹುಪಾಲು ಮೊದಲ ನಾಲ್ಕು ವಾರಗಳಲ್ಲಿ, ಹೆಚ್ಚುಕಡಿಮೆ ಎಲ್ಲರಲ್ಲೂ ಆರು ತಿಂಗಳೊಳಗೆ ಕಾಣಿಸಿಕೊಳ್ಳುತ್ತದೆ. ಆರಂಭದಲ್ಲೇ ಸ್ಟೀರಾಯ್ಡ್ ಕೊಟ್ಟರೆ ಹೊಟ್ಟೆನೋವು ತಗ್ಗಬಹುದು, ಮೂತ್ರಪಿಂಡದ ಬಾಧೆ ತಡೆಯಲಾಗದು.

ನಮ್ಮ ಹಿರಿಯರು ಹಕೀಮರ ಬಳಿಗೆ ಹೋಗುವಾಗ ಸೀಸೆಯಲ್ಲಿ ‘ಖಾರೂರಾ’, ಅಂದರೆ ಮೂತ್ರವನ್ನು ಒಯ್ಯುತ್ತಿದ್ದರು. ಇಬ್ನ್ ಸೀನಾ ತಮ್ಮ ‘ಖಾನೂನ್’ ಗ್ರಂಥದಲ್ಲಿ ಮೂತ್ರ ಪರೀಕ್ಷೆಯನ್ನು ವಿವರವಾಗಿ ಬರೆದಿದ್ದಾರೆ. ಆದರೆ ಬರಿಗಣ್ಣಿಗೆ ತಿಳಿಯಾಗಿ ಕಾಣುವ ಮೂತ್ರದಲ್ಲೂ ರಕ್ತಕಣ, ಪ್ರೋಟೀನು ಇರಬಹುದೆಂದು ಇಂದು ಗೊತ್ತು. ಅದನ್ನು ತೋರಿಸಲು ಒಂದು ಕಡ್ಡಿಪಟ್ಟಿ ಸಾಕು.

ಮೂತ್ರಪಿಂಡ ನೋವೆಂದು ಅಳುವುದಿಲ್ಲ. ಚುಕ್ಕೆ ಮಾಸಿದರೂ, ಮಗು ಆಟಕ್ಕೆ ಓಡಿದರೂ, ಆರು ತಿಂಗಳವರೆಗೆ ವೈದ್ಯರು ಹೇಳಿದ ದಿನಗಳಂದು ಮೂತ್ರ, ರಕ್ತದೊತ್ತಡ ನೋಡಿಸಬೇಕು. ಆ ಚೀಟಿಯನ್ನು ಅಲ್ಲಿಯವರೆಗೆ ಮಡಚಿಡುವುದು ಬೇಡ.