ನಕ್ಷತ್ರಗಳ ವರ್ಣಪಟಲವೂ ಹವ್ಯಾಸಿಗಳ ಬರಹವೂ

ರಾಮನಗರದ ಗೂಡಿನ ಮಾರುಕಟ್ಟೆಯನ್ನು ಕಂಡವರಿಗೆ ರೇಷ್ಮೆಯ ವ್ಯಾಪಾರದಲ್ಲಿ ನುರಿತ ಕಣ್ಣಿಗೆ ಎಷ್ಟು ಬೆಲೆಯೆಂಬುದನ್ನು ಹೇಳಬೇಕಾಗಿಲ್ಲ. ಅಂಥ ಒಬ್ಬ ರೇಷ್ಮೆ ವ್ಯಾಪಾರಿಯಿಂದಲೇ ನಕ್ಷತ್ರವಿಜ್ಞಾನಕ್ಕೆ ಮಹೋಪಕಾರವಾಯಿತೆಂಬ ಸಂಗತಿಯು ವಾಚಕರಲ್ಲಿ ಕೆಲವರಿಗೆ ಹೊಸದಾಗಿ ತೋರಬಹುದು. ಲಂಡನ್ನಿನ ವಿಲಿಯಂ ಹಗ್ಗಿನ್ಸ್ ಎಂಬಾತನು ಮನೆತನದ ರೇಷ್ಮೆ ಬಟ್ಟೆಯ ಅಂಗಡಿಯನ್ನು ಬಿಟ್ಟು, ಟಲ್ಸ್ ಹಿಲ್ಲಿನ ತನ್ನ ಮನೆಯಲ್ಲಿಯೇ ವೇಧಶಾಲೆಯನ್ನು ಕಟ್ಟಿಕೊಂಡನು. ಅವನಿಗೆ ವಿಶ್ವವಿದ್ಯಾನಿಲಯದ ವ್ಯಾಸಂಗವಿರಲಿಲ್ಲ. ಆಕಾಶವನ್ನು ನೋಡುವುದಕ್ಕಾಗಿ ಯಾರ ಸಂಬಳವೂ ಇರಲಿಲ್ಲ.

ಬೆಳಕನ್ನು ತ್ರಿಕೋಣದ ಗಾಜಿನಲ್ಲಿ ಹಾಯಿಸಿದರೆ ಅದು ಏಳು ಬಣ್ಣದ ಪಟ್ಟಿಯಾಗಿ ಹರಡುವುದು, ಇದೇ ವರ್ಣಪಟಲ. ಸೂರ್ಯನ ವರ್ಣಪಟಲದಲ್ಲಿ ನೂರಾರು ಕಪ್ಪು ಗೆರೆಗಳಿರುವುದನ್ನು 1814ರಲ್ಲಿ ಜರ್ಮನಿಯ ಫ್ರಾನ್‌ಹೋಫರನು ಗುರುತಿಸಿದನು. ಒಂದೊಂದು ಧಾತುವಿಗೂ ತನ್ನದೇ ಆದ ಗೆರೆಗಳುಂಟೆಂಬುದನ್ನು 1859ರಲ್ಲಿ ಕಿರ್ಕ್‌ಹಾಫ್, ಬುನ್ಸೆನ್ ಎಂಬವರು ತಿಳಿಯಪಡಿಸಿದರು. ಹಗ್ಗಿನ್ಸನು ನೆರೆಯವನಾದ ರಸಾಯನಶಾಸ್ತ್ರಜ್ಞ ಮಿಲ್ಲರನೊಡನೆ ನಕ್ಷತ್ರಗಳ ಗೆರೆಗಳನ್ನು ಅಳೆದು 1864ರಲ್ಲಿ ಪ್ರಕಟಿಸಿದನು. ಅದೇ ವರ್ಷದ ಆಗಸ್ಟ್ 29ರ ರಾತ್ರಿ ಅವನು ಒಂದು ನೀಹಾರಿಕೆಯತ್ತ ಯಂತ್ರವನ್ನು ತಿರುಗಿಸಲು, ಬಣ್ಣದ ಪಟ್ಟಿಗೆ ಬದಲಾಗಿ ಕೆಲವೇ ಹೊಳೆಯುವ ಗೆರೆಗಳು ಕಂಡವು. ಅದು ನಕ್ಷತ್ರಗಳ ಗುಂಪಲ್ಲ, ಉರಿಯುವ ಅನಿಲವೆಂಬುದು ಹೀಗೆ ನಿಶ್ಚಯವಾಯಿತು.

ಇನ್ನು ಕನ್ನಡನಾಡಿನ ಕಥೆಗೆ ಬರೋಣ. 1868ನೆಯ ಆಗಸ್ಟ್ 18ರಂದು ದಕ್ಷಿಣ ಭಾರತದಲ್ಲಿ ಖಗ್ರಾಸ ಸೂರ್ಯಗ್ರಹಣವು ಸಂಭವಿಸಿತು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಜಮಖಂಡಿಯಲ್ಲಿ ಅದನ್ನು ನೋಡಲು ನಿಂತವನು ಲೆಫ್ಟಿನೆಂಟ್ ಜಾನ್ ಹರ್ಷಲ್. ಈತನು ಯುರೇನಸ್ಸನ್ನು ಕಂಡುಹಿಡಿದ ವಿಲಿಯಂ ಹರ್ಷಲನ ಮೊಮ್ಮಗನು. ವೃತ್ತಿಯಿಂದ ಭೂಮಾಪನ ಇಲಾಖೆಯವನು. ಮೋಡಗಳು ಅಡ್ಡ ಬರುತ್ತಿದ್ದವು. ಅವು ಸರಿದ ಅಲ್ಪಾವಧಿಯಲ್ಲಿ ಸೂರ್ಯನ ಅಂಚಿನ ಜ್ವಾಲೆಯ ವರ್ಣಪಟಲವನ್ನು ನೋಡಲು, ಕೆಂಪು, ಕಿತ್ತಳೆ, ನೀಲಿ ಗೆರೆಗಳು ಥಳಥಳಿಸಿದವು. ಕಿತ್ತಳೆ ಗೆರೆಯನ್ನು ಅಳೆದು, ಅದು ಸೋಡಿಯಂ ಧಾತುವಿನ 'ಡಿ' ಗೆರೆಯೆಂದು ಅವನು ವರದಿಮಾಡಿದನು.

ಆ ನಿರ್ಣಯವು ತಪ್ಪಾಗಿತ್ತು. ಲಂಡನ್ನಿನಲ್ಲಿ ಯುದ್ಧ ಇಲಾಖೆಯ ಗುಮಾಸ್ತನಾಗಿದ್ದು ಬಿಡುವಿನ ವೇಳೆಯಲ್ಲಿ ಆಕಾಶವನ್ನು ನೋಡುತ್ತಿದ್ದ ನಾರ್ಮನ್ ಲಾಕಿಯರನು ಅದೇ ಅಕ್ಟೋಬರ್ 20ರಂದು, ಗ್ರಹಣವಿಲ್ಲದೆಯೇ ಸೌರಜ್ವಾಲೆಯ ಗೆರೆಗಳನ್ನು ಕಂಡನು. ಹಳದಿ ಗೆರೆಯು 'ಡಿ'ಯ ಸಮೀಪದಲ್ಲಿದ್ದರೂ ಅದರ ಮೇಲೆ ಬೀಳುತ್ತಿರಲಿಲ್ಲ. ಸೋಡಿಯಂ ಗೆರೆಗಳು 589.0 ಮತ್ತು 589.6 ನ್ಯಾನೊಮೀಟರುಗಳಲ್ಲಿವೆ; ಈ ಗೆರೆ 587.6ರಲ್ಲಿದೆ. ಈ ಕೂದಲೆಳೆಯ ಅಂತರದಲ್ಲಿ ಹೊಸ ಧಾತುವೊಂದು ಅಡಗಿತ್ತು. ಸೂರ್ಯನ ಹೆಸರಿನಿಂದ ಅದಕ್ಕೆ ಹೀಲಿಯಂ ಎಂಬ ಹೆಸರಾಯಿತು. 1895ರಲ್ಲಿ ರಾಮ್ಸೆಯು ಅದನ್ನು ಭೂಮಿಯ ಖನಿಜದಲ್ಲಿಯೂ ಕಂಡನು. ಇದೇ ಲಾಕಿಯರನು 1871ರ ಡಿಸೆಂಬರ್ 12ರ ಗ್ರಹಣಕ್ಕಾಗಿ ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಬೇಕಲಕ್ಕೆ ಬಂದಿದ್ದನೆಂಬುದೂ ಸ್ಮರಣೀಯ.

ಹಾಗಾದರೆ ಜಮಖಂಡಿಯ ಶ್ರಮವು ವ್ಯರ್ಥವಾಯಿತೆ? ಇಲ್ಲವೆಂದೇ ನಮ್ಮ ಅಭಿಪ್ರಾಯ. ತಾನು ಕಂಡುದೇನು, ಯಾವ ಯಂತ್ರದಿಂದ, ಮೋಡವೆಷ್ಟು, ಅಳತೆಯೆಷ್ಟು ನಂಬತಕ್ಕದ್ದು ಎಂಬುದನ್ನು ಹರ್ಷಲನು ಬರೆದು ಹತ್ತು ಜನರ ಮುಂದಿಟ್ಟನು. ಆದುದರಿಂದಲೇ ಅದನ್ನು ಇತರರ ಅಳತೆಯೊಡನೆ ಹೋಲಿಸಿ ನೋಡಲು ಸಾಧ್ಯವಾಯಿತು. ಬಚ್ಚಿಟ್ಟ ಸರಿಗಿಂತ ಬಿಚ್ಚಿಟ್ಟ ತಪ್ಪು ಶಾಸ್ತ್ರಕ್ಕೆ ಹೆಚ್ಚು ಉಪಯುಕ್ತ.

ಈಗ ಈ ಕೆಲಸವು ಸುಲಭವಾಗಿದೆ. ಮಿಲಿಮೀಟರಿಗೆ ನೂರು ಸೂಕ್ಷ್ಮ ಗೀರುಗಳುಳ್ಳ ಗಾಜಿನ ಬಿಲ್ಲೆಯೊಂದನ್ನು ಸಣ್ಣ ದೂರದರ್ಶಕದ ಕ್ಯಾಮೆರಾದ ಮುಂದಿಟ್ಟರೆ, ಅಭಿಜಿತ್ ನಕ್ಷತ್ರದ ಜಲಜನಕದ ಗೆರೆಗಳೂ ಆರ್ದ್ರೆಯ ಅಗಲವಾದ ಕಪ್ಪು ಪಟ್ಟೆಗಳೂ ಚಿತ್ರದಲ್ಲಿ ಮೂಡುವುವು. ಕ್ಯಾಸಿಯೋಪಿಯ ಮಂಡಲದ ನಡುವಣ ನಕ್ಷತ್ರದಲ್ಲಿ ಜಲಜನಕದ ಗೆರೆಯು ಕಪ್ಪಾಗಿರದೆ ಹೊಳೆಯುವುದನ್ನು 1866ರಲ್ಲಿ ರೋಮಿನ ಪಾದ್ರಿ ಸೆಕ್ಕಿಯು ಕಂಡನು. ಅಂಥ ನಕ್ಷತ್ರಗಳ ಸುತ್ತಣ ಅನಿಲದ ಬಳೆಯು ಕಾಲಕಾಲಕ್ಕೆ ಹೆಚ್ಚಿ ಕುಗ್ಗುವುದರಿಂದ, ಅವನ್ನು ವರ್ಷಗಟ್ಟಲೆ ಕಾಯುವ ಕಣ್ಣುಗಳು ಬೇಕು. ಪ್ಯಾರಿಸ್ ವೇಧಶಾಲೆಯ ಭಂಡಾರವೊಂದು ಹವ್ಯಾಸಿಗಳು ತೆಗೆದ ಇಂಥ ವರ್ಣಪಟಲಗಳನ್ನೂ ಪಂಡಿತರವುಗಳ ಜೊತೆಯಲ್ಲಿಯೇ ಸಂಗ್ರಹಿಸಿ, ಎಲ್ಲರಿಗೂ ತೆರೆದಿಟ್ಟಿದೆ. ದಿನಾಂಕ, ವೇಳೆ, ಸ್ಥಳ, ಯಂತ್ರ ಇವುಗಳ ವಿವರವಿಲ್ಲದ ಚಿತ್ರಕ್ಕೆ ಅಲ್ಲಿ ಬೆಲೆಯಿಲ್ಲ.

ನಮ್ಮ ಸೀಮೆಗೆ ಇದರಲ್ಲಿ ಪಾಲುಂಟೆ? ರಾಮದೇವರ ಬೆಟ್ಟ, ಮಾಗಡಿಯ ಸಾವನದುರ್ಗ, ಕನಕಪುರದ ಕಬ್ಬಾಳದುರ್ಗಗಳ ಮೇಲಣ ಆಕಾಶವನ್ನು ಬೆಂಗಳೂರಿನ ದೀಪಗಳ ಬೆಳಕು ಮಸುಕುಮಾಡುತ್ತಿರುವುದು ನಿಜ. ಆದರೆ ಪ್ರಕಾಶಮಾನವಾದ ನಕ್ಷತ್ರಗಳ ಗೆರೆಗಳನ್ನು ಅದು ಅಳಿಸಲಾರದು. ಅಲ್ಲದೆ, ನಮಗೆ ಇರುಳು ಕವಿಯುವ ಹೊತ್ತಿನಲ್ಲಿ ಯೂರೋಪಿನಲ್ಲಿ ಇನ್ನೂ ಹಗಲು. ಆ ಗಂಟೆಗಳಲ್ಲಿ ನಕ್ಷತ್ರವು ಬದಲಾದರೆ ಅದನ್ನು ಕಾಣಬೇಕಾದವರು ನಮ್ಮ ಕಡೆಯವರೇ. ಒಮ್ಮೆ ತಪ್ಪಿದ ರಾತ್ರಿಯನ್ನು ಯಾವ ಹಣವೂ ಮರಳಿ ತರಲಾರದು.

ಚನ್ನಪಟ್ಟಣದ ಕುಶಲಕರ್ಮಿಗಳು ಮರದಲ್ಲಿ ನುಣುಪಾದ ಬೊಂಬೆಗಳನ್ನು ಕಡೆಯುವರು. ದೂರದರ್ಶಕಕ್ಕೆ ಹೊಂದುವ ಬಳೆಯೊಂದನ್ನು ಕಡೆಯುವುದು ಅವರಿಗೆ ಕಷ್ಟವಾಗದು. ಶಾಲೆಗೊಂದು ಯಂತ್ರ, ಒಂದು ದಿನಚರಿ, ತಪ್ಪನ್ನೂ ಮುಚ್ಚಿಡದೆ ಬರೆಯುವ ನಾಲ್ವರು ಹುಡುಗ ಹುಡುಗಿಯರು: ಇಷ್ಟಿದ್ದರೆ ಆರಂಭಕ್ಕೆ ಸಾಕು. ಜಮಖಂಡಿಯಲ್ಲಿ ಮೋಡಗಳ ನಡುವೆ ದೊರೆತ ಅವಕಾಶವೂ ಇದಕ್ಕಿಂತ ಹೆಚ್ಚಿನದಾಗಿರಲಿಲ್ಲ.